ಎರೆನೆಲಕ್ಕೆ ತಕ್ಕ ಗಾಲಿ

ಶ್ರಾವಣದ ಎರಡನೆಯ ವಾರ ಬೆಳಿಗ್ಗೆ ಆರೂವರೆಗೆ ದಾವಣಗೆರೆಯಿಂದ ಹೊರಟೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಗದಗ ತಲುಪುವ ಹೊತ್ತಿಗೆ ಹನ್ನೆರಡೂವರೆ. ಎರಡೂ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆದಿದ್ದರಿಂದ ದಾರಿಖರ್ಚು ಅಂತ ಆಗಿದ್ದು ಹುಬ್ಬಳ್ಳಿ ನಿಲ್ದಾಣದ ಒಂದು ಚಹಾ ಮಾತ್ರ. ಅಣ್ಣಿಗೇರಿ ದಾಟಿದ ಮೇಲೆ ಕಿಟಕಿಯ ಎರಡೂ ಬದಿ ಕಪ್ಪು ನೆಲ, ಈ ಕಡೆಯವರ ಮಾತಿನಲ್ಲಿ ಎರೆ, ಶುರುವಾಯಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು. ಕಪ್ಪು ಮಣ್ಣು ತೇವ ಹಿಡಿದಿಡುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ ಎಂದು ಮಕ್ಕಳಿಂದ ಬರೆಸಿದ್ದೇ ಬರೆಸಿದ್ದು. ಮಳೆಗಾಲದಲ್ಲಿ ಅದರೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ.

ಗದಗ ನಿಲ್ದಾಣದ ಹೊರಗೆ ಶೈಲಾ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಅವಳು ನನ್ನ ಚಿಕ್ಕಮ್ಮನ ಮಗಳು, ಮುಂಡರಗಿಯಲ್ಲಿ ದನಗಳ ಡಾಕ್ಟರು. ಸರಕಾರಿ ನೌಕರಿಯಲ್ಲ, ಸ್ವಂತ ದವಾಖಾನೆ. ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಸಿಗುವ ಹಳೆಯ ಜೀಪೊಂದನ್ನು ಇಟ್ಟುಕೊಂಡು ಕಪ್ಪತಗುಡ್ಡದ ಬುಡದ ಹಳ್ಳಿಗಳನ್ನೆಲ್ಲ ಸುತ್ತುತ್ತಾಳೆ. ಆ ಜೀಪಿಗೆ ಹೊಸ ಗಾಲಿ ಹಾಕಿಸಿ, ಅದಕ್ಕೆ ಬೇಕಾದ ಉಳಿದ ಕೆಲಸವನ್ನೂ ಮಾಡಿಸುವುದೇ ನಮ್ಮ ನಾಲ್ಕು ದಿನದ ಪ್ರವಾಸದ ಉದ್ದೇಶ. ಇದಕ್ಕೆ ನಾನೇಕೆ ಹೋದೆ ಎಂದು ಓದುವವರು ಕೇಳಬಹುದು. ಜೀಪಿಗೆ ಆಗ ಇದ್ದ ತಪ್ಪು ಗಾಲಿಗಳನ್ನು ಹಾಕಿಸಿದವಳು ನಾನು.

ಹಿಂದಿನ ವರ್ಷ ನನ್ನ ಅಳಿಯ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ಕೆಸರಿಗೆ ಅಗಲವಾದ ಗಾಲಿಯೇ ಸೈ ಎಂದಿದ್ದ. ನಾನು ಅದನ್ನು ಶೈಲಾಗೆ ದಾಟಿಸಿದೆ, ದಾಟಿಸಿ ಸುಮ್ಮನಾಗದೆ ಒತ್ತಾಯವನ್ನೂ ಮಾಡಿದೆ. ಗಾಲಿಗಳು ನೋಡಲು ಬಲು ಚೆಂದವಿದ್ದವು, ಮುಂಡರಗಿಯ ಜನ ನಿಂತು ನೋಡುತ್ತಿದ್ದರಂತೆ. ಮೊದಲ ದೊಡ್ಡ ಮಳೆಯಲ್ಲೇ ಗುಡ್ಡದ ಬುಡದ ದೊಡ್ಡಿಯಿಂದ ಕರೆ ಬಂತು. ಇಪ್ಪತ್ತು ಮನೆಗಳ ಆ ಕೇರಿಗೆ ಬೇರೆ ಹೆಸರಿದ್ದರೂ ಎಲ್ಲರೂ ದೊಡ್ಡಿ ಎಂದೇ ಕರೆಯುತ್ತಾರೆ. ಗಂಗವ್ವ ಎಂಬುವರ ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿತ್ತು. ಡಾಂಬರು ಮುಗಿದು ನೂರು ಮಾರು ಹೋಗುವಷ್ಟರಲ್ಲಿ ಎರೆಮಣ್ಣು ಅಗಲ ಗಾಲಿಗೆ ಸುತ್ತಿಕೊಂಡು, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುರುಕಿಕೊಂಡು, ಗಾಲಿ ತಿರುಗುವುದೇ ನಿಂತಿತು. ಶೈಲಾ ಸಾಮಾನು ಹೊತ್ತು ನಾಲ್ಕು ಕಿಲೋಮೀಟರ್ ನಡೆದಳು. ಅವಳು ಮುಟ್ಟುವ ಹೊತ್ತಿಗೆ ಎಮ್ಮೆಯೂ ಇರಲಿಲ್ಲ, ಕರುವೂ ಇರಲಿಲ್ಲ. ಆ ಸುದ್ದಿ ಕೇಳಿದ ದಿನದಿಂದ ನನಗೆ ಅಳಿಯನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು.

ನಿಲ್ದಾಣದಿಂದ ನೇರ ಹೋದದ್ದು ಗದಗಿಗೆ ಅಂಟಿಕೊಂಡ ಬೆಟಗೇರಿಯ ಹುಸೇನಸಾಬರ ಗಾಲಿ ಅಂಗಡಿಗೆ, ಅದು ನೇಕಾರರ ಓಣಿಯೊಂದರ ಕೊನೆಯಲ್ಲಿದೆ. ಮಗ್ಗದ ಸದ್ದು ಅಲ್ಲಿಗೂ ಕೇಳುತ್ತದೆ. ಎಪ್ಪತ್ತರ ಹತ್ತಿರದ ಮನುಷ್ಯ, ಮೊಣಕಾಲಿಗೆ ಎಣ್ಣೆಬಟ್ಟೆ ಕಟ್ಟಿಕೊಂಡು ಕುಳಿತಿದ್ದರು. ಅಂಗಡಿಯ ಒಳಗೆ ಒಂದು ಗೋಡೆ ತುಂಬ ಗಾಲಿಗಳಿದ್ದವು, ಎದುರು ಗೋಡೆಯ ಹಲಗೆಯ ಮೇಲೆ ಸಾಲಾಗಿ ಹಳೆಯ ಬಿಸ್ಕತ್ತಿನ ಡಬ್ಬಿಗಳು. ಒಂದೊಂದರ ಮೇಲೂ ಸುಣ್ಣದಲ್ಲಿ ಊರ ಹೆಸರು: ಲಕ್ಕುಂಡಿ, ಸೊರಟೂರ, ಶಿಗ್ಲಿ, ಡಂಬಳ. ಡಬ್ಬಿಯೊಳಗೆ ಆ ಊರಿನ ದಾರಿಯ ಮಣ್ಣು.

ಶೈಲಾ ಜೀಪಿನ ವಿಷಯ ಹೇಳಲು ಶುರು ಮಾಡಿದಳು. ಅವರು ಕೈ ಎತ್ತಿ ತಡೆದರು.

"ಗಾಡಿ ಆಮ್ಯಾಲೆ ನೋಡೂಣ್ರಿ. ನೆಲ ಯಾವುದು? ಮಣ್ಣು ತಂದೀರೇನು?"

ಮಣ್ಣು ತರಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ಅವರು ಎದ್ದು ಹೊರಗೆ ಹೋಗಿ, ಜೀಪಿನ ಮಡ್‌ಗಾರ್ಡಿನ ಒಳಗೆ ಕೈ ಹಾಕಿ, ಸ್ಕ್ರೂಡ್ರೈವರಿನಿಂದ ಕೆರೆದು ಕಲ್ಲಿನಂತೆ ಒಣಗಿದ್ದ ಒಂದು ಹೆಂಟೆ ತೆಗೆದರು.

"ತಂದೀರಲ್ರಿ ಮತ್ತ. ಹೋದ ವರ್ಸದ್ದು ಇನ್ನೂ ಹಿಡಕೊಂಡ ಕುಂತೈತಿ."

ಅದನ್ನು ಕುಟ್ಟಿ, ನೀರು ಬೆರೆಸಿ, ರೊಟ್ಟಿಯ ಹಿಟ್ಟಿನ ಹದಕ್ಕೆ ನಾದಿದರು. ಹಾಗೆ ನಾದಿದ ಮಣ್ಣನ್ನು ಮೊದಲು ನಮ್ಮ ಅಗಲ ಗಾಲಿಯ ಕಚ್ಚುಗಳಿಗೆ ಹೆಬ್ಬೆರಳಿನಿಂದ ಒತ್ತಿದರು, ಆಮೇಲೆ ಗೋಡೆಗೆ ಒರಗಿಸಿದ್ದ ಒಂದು ಎತ್ತರದ, ತೆಳ್ಳನೆಯ ಗಾಲಿಯ ದೂರ ದೂರ ಇದ್ದ ಕಚ್ಚುಗಳಿಗೆ ಒತ್ತಿದರು. ಎರಡನ್ನೂ ಸುತ್ತಿಗೆಯಿಂದ ಒಂದೊಂದು ಸಲ ಬಡಿದರು. ತೆಳ್ಳನೆಯ ಗಾಲಿಯ ಮಣ್ಣು ಉಂಡೆಯಾಗಿ ಕೆಳಗೆ ಬಿತ್ತು. ನಮ್ಮ ಗಾಲಿಯದು ಜಪ್ಪಯ್ಯ ಅನ್ನಲಿಲ್ಲ. ನಾನು ಕಲಿಸಿದ ಯಾವ ಪಾಠದಲ್ಲೂ ಇಷ್ಟು ಸ್ಪಷ್ಟವಾದ ಪ್ರಯೋಗ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

"ಆದರೆ ಅಗಲ ಇದ್ದರೆ ಹೂತುಕೊಳ್ಳಲ್ಲ ಅಂತಾರಲ್ಲ?" ಎಂದೆ. ಅಳಿಯನ ಪರವಾಗಿ ಒಂದು ಮಾತಾದರೂ ಆಡಬೇಕಿತ್ತು.

"ಉಸುಕಿನ್ಯಾಗ ಖರೆ ಐತ್ರಿ ಬಾಯಾರ. ಅಲ್ಲಿ ಮ್ಯಾಲೆ ತೇಲಬೇಕು. ನಮ್ಮ ಎರಿಯೊಳಗ ತೇಲಿದ್ರ ಕೆಟ್ಟಿರಿ. ಎರಿ ತಳಕ್ಕ ಗರಸು ಇರ್ತೈತಿ, ಗಟ್ಟಿ. ಗಾಲಿ ಎರಿ ಸೀಳಿ ಹೋಗಿ ಅದನ್ನ ಮುಟ್ಟಬೇಕು. ಮಳಿಗಾಲದಾಗ ನಮ್ಮ ಹೆಣ್ಮಕ್ಕಳು ಚಪ್ಪಲಿ ಕೈಯಾಗ ಹಿಡಿದು ನಡೀತಾರ, ನೋಡೀರಿಲ್ಲೋ? ಬರಿಗಾಲು ಒಳಗ ಹೋಗ್ತೈತಿ, ಹೊರಗ ಬರ್ತೈತಿ. ಚಪ್ಪಲಿ ಮಣ್ಣು ಹೊರತೈತಿ."

ನನ್ನ ಕಾಲಲ್ಲಿದ್ದ ಅಗಲ ಚಪ್ಪಲಿಯ ಕಡೆ ಅವರು ನೋಡಲಿಲ್ಲ, ಅಷ್ಟು ಮರ್ಯಾದೆ ಉಳಿಸಿದರು. ಆರಿಸಿದ ಗಾಲಿ ಮೂಲ ಗಾಲಿಗಿಂತ ಎತ್ತರದಲ್ಲಿ ಹತ್ತರಲ್ಲೊಂದು ಪಾಲು ಹೆಚ್ಚು, ಅಗಲದಲ್ಲಿ ನಮ್ಮ ಚೆಂದದ ಗಾಲಿಗಿಂತ ನಾಲ್ಕು ಬೆರಳು ಕಡಿಮೆ. ಅದಕ್ಕೆ ತಕ್ಕ ರಿಮ್ಮುಗಳನ್ನೂ ಅವರೇ ಹುಡುಕಿ ಕೊಟ್ಟರು. ನಾಲ್ಕೇ ಸಾಕು ಎಂದ ಶೈಲಾಗೆ ಐದನೆಯದನ್ನೂ ಹಾಕಿಸಿದರು. ಸ್ಟೆಪ್ನಿ ಸಣ್ಣದಿದ್ದರೆ ಬೇಕಾದ ದಿನವೇ ಕೈಕೊಡುತ್ತದೆ ಎಂಬುದು ಅವರ ವಾದ. ಹೊರಡುವಾಗ ಹೆಂಟೆಯಲ್ಲಿ ಉಳಿದ ಮಣ್ಣನ್ನು ಒಂದು ಖಾಲಿ ಡಬ್ಬಿಗೆ ಹಾಕಿ, ಊರ ಹೆಸರು ಕೇಳಿ ಬರೆದುಕೊಂಡರು.

ಸಂಜೆ ಗದಗಿನಲ್ಲಿ ಗಿರಮಿಟ್ಟು, ಮಿರ್ಚಿ ಭಜಿ ತಿಂದೆವು. ಗಿರಮಿಟ್ಟಿಗೆ ಹಸಿ ಉಳ್ಳಾಗಡ್ಡಿ ಉದುರಿಸುವ ವಿಷಯದಲ್ಲಿ ಗದಗಿನವರು ಧಾರಾಳಿಗಳು. ಶೈಲಾ ಮಾತ್ರ ಒಂದು ಭಜಿಯನ್ನು ಅರ್ಧ ತಿಂದು ಬಿಟ್ಟಳು.

"ಅಕ್ಕಾ, ಒಂದ್ ಮಾತು ಹೇಳ್ತೀನಿ. ಈ ಗಾಲಿ ಹಾಕಿನೂ ದೊಡ್ಡಿ ಮುಟ್ಟಲಿಲ್ಲಂದ್ರ ನಾ ಆ ಕಡೆ ಕೆಲಸಾ ಬಿಡಾಕಿ. ದೊಡ್ಡಿಯವ್ರಿಗೂ ಹೇಳೇನಿ. ಡಾಕ್ಟರ್ ಬರ್ತಾಳ ಅಂತ ಹಾದಿ ನೋಡಕೋತ ಕುಂತು ಎಮ್ಮಿ ಸಾಯೂದಕಿಂತ, ಬರಂಗಿಲ್ಲ ಅಂತ ಗೊತ್ತಿದ್ರ ಬ್ಯಾರೆ ಏನರ ಮಾಡತಾರ."

ಬೇರೆ ಏನು ಮಾಡುತ್ತಾರೆ ಎಂದು ಕೇಳಿದೆ. ಅವಳು ಎದ್ದು ಭಜಿಯ ದುಡ್ಡು ಕೊಡಲು ಹೋದಳು. ಬೇರೆ ಡಾಕ್ಟರು ಆ ದಾರಿಗೆ ಬರುವವರಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಎರಡನೆಯ ದಿನ ಬೆಳಿಗ್ಗೆ ಮುಳಗುಂದದ ಮೇಲೆ ಲಕ್ಷ್ಮೇಶ್ವರಕ್ಕೆ ಹೊರಟೆವು. ಸುಮಾರು ನಲವತ್ತು ಕಿಲೋಮೀಟರ್ ದಾರಿ. ಮೋಡ ಮುಸುಕಿತ್ತು, ಮಳೆ ಇರಲಿಲ್ಲ. ಹೊಸ ಗಾಲಿಯ ಮೇಲೆ ಜೀಪು ಎತ್ತರವಾಗಿ ಕಂಡರೂ ತಿರುವಿನಲ್ಲಿ ಗಾಲಿಯ ಅಂಚು ಮಡ್‌ಗಾರ್ಡಿಗೆ ಉಜ್ಜಿ ಕರ್ ಎನ್ನುತ್ತಿತ್ತು, ಏರಿನಲ್ಲಿ ಎಂಜಿನ್ನು ಏದುಸಿರು ಬಿಡುತ್ತಿತ್ತು. ಗಾಲಿ ದೊಡ್ಡದು ಮಾಡಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದ ನನಗೆ, ಕೆಲಸ ಶುರುವಾಗಿದ್ದೇ ಈಗ ಎಂದು ಶೈಲಾ ನಕ್ಕಳು.

ಲಕ್ಷ್ಮೇಶ್ವರದಲ್ಲಿ ಈರಪ್ಪನವರ ಕುಲುಮೆ ಸಂತೆ ಬಯಲಿನ ಹಿಂದೆ. ಜೀಪಿನ ಭಾರ ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿಗೆ ಈ ಕಡೆ ಪಾಟಾ ಎನ್ನುತ್ತಾರೆ. ಸುತ್ತಲಿನ ಟ್ರಕ್ಕು, ಟ್ರಾಲಿ, ಜೀಪುಗಳ ಪಾಟಾಕ್ಕೆಲ್ಲ ಇವರ ಸುತ್ತಿಗೆಯೇ ಗತಿ. ಶೈಲಾ ನಾಲ್ಕು ಇಂಚು ಎತ್ತಿಸಬೇಕೆಂದು ಲೆಕ್ಕ ಹಾಕಿಕೊಂಡು ಬಂದಿದ್ದಳು. ಈರಪ್ಪ ಜೀಪನ್ನು ನೋಡುವ ಬದಲು ಅವಳನ್ನು ನೋಡಿ ಕೇಳಿದರು:

"ದಿನಾ ಏನೇನು ಹೇರಿಕೊಂಡು ಅಡ್ಡಾಡ್ತೀರಿ?"

ಔಷಧದ ಪೆಟ್ಟಿಗೆ, ನೀರಿನ ಎರಡು ಕ್ಯಾನು, ಹಗ್ಗ, ಸರಪಳಿ, ಸ್ಟೆಪ್ನಿ ಎಂದು ಅವಳು ಹೇಳುತ್ತಾ ಹೋದಳು. ಎಲ್ಲವನ್ನೂ ಜೀಪಿನಲ್ಲಿ ಇಡಿಸಿದರು, ಕ್ಯಾನಿಗೆ ನೀರು ತುಂಬಿಸಿದರು. ಆಮೇಲೆ ನಮ್ಮಿಬ್ಬರನ್ನೂ ಹತ್ತಿ ಕೂರಲು ಹೇಳಿದರು. "ಖಾಲಿ ಗಾಡಿ ಸುಳ್ಳು ಹೇಳ್ತೈತ್ರಿ" ಎನ್ನುತ್ತ ನೂಲು ಹಿಡಿದು ಇರುಸಿಗೂ ಅಡಿಗಟ್ಟಿಗೂ ನಡುವಿನ ಅಂತರ ಅಳೆದು, ನೂಲಿಗೆ ಗಂಟು ಹಾಕಿಕೊಂಡರು. ಕೂತಲ್ಲಿಂದ ಅಲುಗಾಡಬೇಡಿ ಎಂದಿದ್ದರಿಂದ ಕಾಲು ಗಂಟೆ ನಾವಿಬ್ಬರೂ ಅಲುಗಾಡದೆ ಕೂತೆವು. ಸಂತೆಗೆ ಬಂದ ಜನ ನಮ್ಮನ್ನು ನೋಡಿಕೊಂಡು ಹೋದರು.

"ಎರಡು ಇಂಚು ಸಾಕು" ಎಂದರು ಕೊನೆಗೆ. "ನಾಕು ಎತ್ತಿದ್ರ ಅಡ್ಡ ಇಳಿಜಾರಿನ್ಯಾಗ ಗಾಡಿ ಮಗ್ಗಲಾಗ್ತೈತಿ. ಉಳಿದಿದ್ದು ಮಡ್‌ಗಾರ್ಡ್ ಕೊಯ್ದು ಮಾಡೂಣು. ಮಣ್ಣು ಬಂದ್ರ ಹೊರಗ ಹೋಗಾಕ ಜಾಗ ಬೇಕು, ಅಷ್ಟ ಹೌದಲ್ರಿ?"

ಇಡೀ ದಿನ ಅವರ ಕೆಲಸ ನೋಡಿದೆ. ಪಾಟಾಗಳನ್ನು ಬಿಚ್ಚಿ, ಅಡಿಗಲ್ಲಿನ ಮೇಲೆ ಇಟ್ಟು, ಕಾಯಿಸದೆಯೇ ಸುತ್ತಿಗೆಯಿಂದ ಬೆರಳಷ್ಟು ಬೆರಳಷ್ಟು ಅಂತರದಲ್ಲಿ ಬಡಿಯುತ್ತ ಬಾಗು ಹೆಚ್ಚಿಸಿದರು. ಪ್ರತಿಯೊಂದನ್ನೂ ಎತ್ತಿ ಹಿಡಿದು ಬೆರಳಿಂದ ತಟ್ಟಿ ಕೇಳಿದರು. ಒಂದರ ನಾದ ಸರಿ ಬರಲಿಲ್ಲವೆಂದು ಮೂಲೆಗೆ ಎಸೆದರು. ನನ್ನ ಕಣ್ಣಿಗೆ ಅದು ಚೆನ್ನಾಗಿಯೇ ಇತ್ತು. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ಕೂದಲೆಳೆಯಂಥ ಬಿರುಕು ತೋರಿಸಿದರು. ಜೀಪು ಎತ್ತರವಾದ ಮೇಲೆ ಬ್ರೇಕಿನ ಹಳೆಯ ಪೈಪು ಸಾಲದಾಗುತ್ತದೆ, ಗುಂಡಿಗೆ ಇಳಿದಾಗ ಕಿತ್ತು ಬರುತ್ತದೆ ಎಂದು ಉದ್ದನೆಯ ಪೈಪನ್ನು ತಾವೇ ತರಿಸಿ ಹಾಕಿದರು. ನಾವು ಅದನ್ನು ಕೇಳಿಯೇ ಇರಲಿಲ್ಲ. ಇಂಥ ಮನುಷ್ಯನ ಕೈಗೆ ಜೀವ ಒಪ್ಪಿಸಬಹುದು ಎಂದು ನನಗೆ ಅನ್ನಿಸಿತು, ಅವರಿಗೆ ಹಾಗೆಯೇ ಹೇಳಿದೆ. ಅವರು ನಾಚಿಕೊಂಡು ಊಟಕ್ಕೆ ಕರೆದರು.

ಅವರ ಮನೆಯಲ್ಲಿ ಖಡಕ್ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾಲ್ಕನೆಯ ರೊಟ್ಟಿಗೆ ಬೇಡವೆಂದರೂ ಅವರ ಮನೆಯಾಕೆ ಬಿಡಲಿಲ್ಲ. ಮಧ್ಯಾಹ್ನ ಸೋಮೇಶ್ವರ ಗುಡಿಗೆ ಹೋಗಿ ಬಂದೆ. ಕಲ್ಲಿನ ಮೇಲಿನ ಆ ಸೂಕ್ಷ್ಮ ಕೆಲಸ ನೋಡುವಾಗಲೂ ಕಿವಿಯಲ್ಲಿ ಈರಪ್ಪನವರ ಸುತ್ತಿಗೆಯೇ ಇತ್ತು. ಸಂಜೆ ಪಾಟಾ ಕೂತಿತೋ ಇಲ್ಲವೋ ನೋಡಲು ಶಿಗ್ಲಿಯವರೆಗೆ ಓಡಿಸಿಕೊಂಡು ಬಂದೆವು. ಗಾಲಿ ಎಲ್ಲಿಯೂ ಉಜ್ಜಲಿಲ್ಲ. ಆ ರಾತ್ರಿ ಲಕ್ಷ್ಮೇಶ್ವರದ ವಸತಿಗೃಹವೊಂದರಲ್ಲಿ ತಂಗಿದೆವು. ಸೊಳ್ಳೆ ವಿಪರೀತ.

ಮೂರನೆಯ ದಿನ ಶಿರಹಟ್ಟಿಗೆ ಹೋಗುವ ದಾರಿಯಲ್ಲಿ ನನ್ನ ಮೇಷ್ಟ್ರತನ ಜಾಗೃತವಾಯಿತು. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತ ಜೀಪಿನ ಮೀಟರಿನ ಜೊತೆ ತಾಳೆ ನೋಡಿದೆ. ಹನ್ನೊಂದು ಕಲ್ಲು ದಾಟಿದರೂ ಮೀಟರು ಹತ್ತೇ ಕಿಲೋಮೀಟರ್ ತೋರಿಸುತ್ತಿತ್ತು. ಗಾಲಿ ದೊಡ್ಡದಾದರೆ ಒಂದೇ ಸುತ್ತಿನಲ್ಲಿ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದರ ಅರಿವಿಲ್ಲ. ಶಿರಹಟ್ಟಿಯಲ್ಲಿ ಗೇರಿನ ಕೆಲಸ ಮಾಡುವ ಶಂಕ್ರಪ್ಪ ಮಿಸ್ತ್ರಿಗೆ ಇದನ್ನು ಹೆಮ್ಮೆಯಿಂದ ಹೇಳಿದೆ.

"ಮೀಟರ್ ಬಿಡ್ರಿ, ಎಂಜಿನ್ನಿಗೂ ಅಷ್ಟ ಮೋಸ ಆಗೈತಿ" ಎಂದರು ಅವರು. "ಪ್ರತಿ ಸುತ್ತಿಗೂ ಅದಕ್ಕ ಹೆಚ್ಚು ಜಗ್ಗಬೇಕು. ಗಾಲಿ ಎಷ್ಟು ಬೆಳೀತೋ ಗೇರೂ ಅಷ್ಟು ತಗ್ಗಬೇಕು. ಬರ್ರಿ ಬಾಯಾರ, ಸಾಲಿ ಕಲಿಸಿದವ್ರು ನೀವು, ಹಲ್ಲು ಎಣಸ್ರಿ."

ಅವರು ಮುಂದೆ ಇಟ್ಟಿದ್ದು ಹಳೆಯ ಮತ್ತು ಹೊಸ ಎರಡು ಜೊತೆ ಹಲ್ಲಿನ ಚಕ್ರಗಳು. ಇರುಸಿನ ನಡುವಿನ ಗುಂಡು ಪೆಟ್ಟಿಗೆಯೊಳಗೆ ಕೂತು ಎಂಜಿನ್ನಿನ ಬಲವನ್ನು ಗಾಲಿಗೆ ತಿರುಗಿಸುವುದು ಇವೇ. ಸೀಮೆಸುಣ್ಣದಿಂದ ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿದೆ. ಹಳೆಯದರಲ್ಲಿ ನಲವತ್ನಾಲ್ಕಕ್ಕೆ ಒಂಬತ್ತು, ಹೊಸದರಲ್ಲಿ ನಲವತ್ಮೂರಕ್ಕೆ ಎಂಟು. ಕಾಗದದ ಮೇಲೆ ಭಾಗಿಸಿ ನೋಡಿದರೆ ವ್ಯತ್ಯಾಸ ಹತ್ತರಲ್ಲೊಂದು ಪಾಲು, ಗಾಲಿ ಬೆಳೆದಷ್ಟೇ. ಶಂಕ್ರಪ್ಪ ಈ ಲೆಕ್ಕವನ್ನು ಕಾಗದವಿಲ್ಲದೆ ಯಾವಾಗಲೋ ಮಾಡಿಟ್ಟಿದ್ದರು. ಮುಂದಿನ ಇರುಸಿಗೂ ಹಿಂದಿನದಕ್ಕೂ ಒಂದೇ ಜೊತೆ ಕೂರಿಸಬೇಕು, ಇಲ್ಲದಿದ್ದರೆ ನಾಲ್ಕು ಗಾಲಿ ಒಂದೇ ಮಾತು ಕೇಳುವುದಿಲ್ಲ ಎಂದು ಸಂಜೆ ನಾಲ್ಕರವರೆಗೆ ಬೆವರು ಸುರಿಸಿದರು. ಕೆಲಸ ಮುಗಿದ ಮೇಲೆ ಸುಮಾರು ನಲವತ್ತೈದು ಕಿಲೋಮೀಟರ್ ದೂರದ ಮುಂಡರಗಿಗೆ ಹೊರಟೆವು. ದಾರಿಯುದ್ದಕ್ಕೂ ಮೀಟರೂ ಕಲ್ಲೂ ಒಂದೇ ಮಾತು ಆಡಿದವು. ನನಗಾದ ಸಂತೋಷ ಕಂಡು ಶೈಲಾ, "ಅಕ್ಕಾ, ನೀ ಇನ್ನೂ ರಿಟೈರ್ ಆಗಿಲ್ಲ ಬಿಡು" ಎಂದಳು. ಗುಡ್ಡದ ಮೇಲಿನ ಗಾಳಿಯಂತ್ರಗಳ ಹಿಂದೆ ಮೋಡ ಕಪ್ಪಾಗುತ್ತಿತ್ತು.

ರಾತ್ರಿ ಚೆನ್ನಾಗಿ ಮಳೆ ಬಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ ಶೈಲಾಳ ಫೋನು ಬಡಿಯಿತು. ದೊಡ್ಡಿಯ ಯಲ್ಲಪ್ಪನ ಎಮ್ಮೆ ನಸುಕಿನಿಂದ ನೋವು ತಿನ್ನುತ್ತಿದೆ, ಕರುವಿನ ಒಂದೇ ಕಾಲು ಹೊರಗೆ ಬಂದಿದೆ. ಹೊಸ ಗಾಲಿಯ ಪರೀಕ್ಷೆಗೆ ಇನ್ನೂ ಒಂದು ದಿನ ಇದೆ ಎಂದುಕೊಂಡಿದ್ದವಳಿಗೆ ಪರೀಕ್ಷೆಯೇ ಮನೆ ಬಾಗಿಲಿಗೆ ಬಂದಿತ್ತು. ಅವಳು ಚಹಾ ಕುಡಿಯಲಿಲ್ಲ. ನಾನೂ ಹತ್ತಿ ಕೂತೆ.

ಡಾಂಬರು ರಸ್ತೆ ಹತ್ತು ಕಿಲೋಮೀಟರ್. ಅದು ಮುಗಿದು ಎರೆದಾರಿ ಶುರುವಾಗುವಲ್ಲಿ ಹೊಲದ ಬದುವಿನ ಮೇಲೆ ನಡೆದು ಬಂದ ದೊಡ್ಡಿಯ ಏಳೆಂಟು ಗಂಡಸರು ನಿಂತಿದ್ದರು. ಅವರ ಮುಖದಲ್ಲಿ ಗಾಬರಿಯ ಜೊತೆಗೆ ಏನೋ ಒಂದು ಹೆಮ್ಮೆಯೂ ಇತ್ತು. ಅವರ ಹಿಂದಿನ ದಾರಿ ನೋಡಿ ನನಗೂ ಖುಷಿಯಾಯಿತು. ಶೈಲಾ ಹೇಳುತ್ತಿದ್ದ ಆಳವಾದ ಗಾಲಿಜಾಡುಗಳು ಎಲ್ಲೂ ಇರಲಿಲ್ಲ. ಅರ್ಧ ಕಿಲೋಮೀಟರಿಗೂ ಮಿಕ್ಕಿ ದಾರಿ ಸಾರಿಸಿದಂತೆ ಸಪಾಟಾಗಿ, ಕರ್ರಗೆ ಮಿರುಗುತ್ತಿತ್ತು.

"ದಾರಿ ಮಾಡೇವ್ರಿ ಅಕ್ಕಾರ" ಎಂದರು ಹನಮಂತಪ್ಪ ಎಂಬ ಹಿರಿಯರು. "ನೀವು ಹೊಸ ಗಾಲಿ ಹಾಕಸಾಕ ಹೋಗೀರಿ ಅಂತ ಖಬರ ಬಂತು. ನಾವೂ ಸುಮ್ಮನ ಕುಂಡ್ರಬಾರದು ಅಂತ ತಗ್ಗೆಲ್ಲಾ ತುಂಬೇವಿ. ಕೆರಿ ಮಣ್ಣು ಹಾಕೇವ್ರಿ, ಹೊಲಕ್ಕಂತ ಬ್ಯಾಸಗ್ಯಾಗ ಹೊತ್ತು ಇಟ್ಟಿದ್ದು."

ಕೆರೆಯ ಹೂಳೆಂದರೆ ಈ ಭಾಗದ ರೈತರಿಗೆ ಚಿನ್ನ. ಟ್ರ್ಯಾಕ್ಟರಿನ ಬಾಡಿಗೆ ಕೊಟ್ಟು ತಂದು ಹೊಲಕ್ಕೆ ಹರಡುತ್ತಾರೆ. ತಮ್ಮಲ್ಲಿದ್ದ ಅತಿ ಒಳ್ಳೆಯ ಮಣ್ಣನ್ನೇ ಡಾಕ್ಟರಿನ ದಾರಿಗೆ ಹಾಕಿದ್ದರು. ಹುಸೇನಸಾಬರು ಹೇಳಿದ ಗರಸು ಸಿಗುತ್ತಿದ್ದುದು ಆ ಹಳೆಯ ಜಾಡುಗಳ ತಳದಲ್ಲೇ, ಈಗ ಅದರ ಮೇಲೆ ಮೊಣಕಾಲಿಗೂ ಮಿಕ್ಕಿದ ಬೆಣ್ಣೆಯಂಥ ಹೂಳು. ಶೈಲಾ ಇಳಿದು ಒಂದು ಹೆಜ್ಜೆ ಇಟ್ಟಳು. ಕಾಲು ಮೊಣಕಾಲಿನವರೆಗೆ ಹೋಯಿತು, ಚಪ್ಪಲಿ ಅಲ್ಲೇ ಉಳಿಯಿತು. ಜನರ ಮುಖದ ಹೆಮ್ಮೆ ನಿಧಾನವಾಗಿ ಇಳಿಯುವುದನ್ನು ನಾನು ನೋಡಿದೆ. ನಗುವೂ ಬಂತು, ಅಳುವೂ ಬಂತು. ಶೈಲಾ ಅವರಿಗೆ ಒಂದು ಕಟು ಮಾತೂ ಆಡಲಿಲ್ಲ. "ಚಲೋ ಮಾಡೀರಿ, ಖರೆ ಗಾಡಿ ಹೋಗಂಗಿಲ್ರಿ" ಎಂದಷ್ಟೇ ಹೇಳಿ, ನಡೆದು ಹೋಗಲು ಔಷಧದ ಪೆಟ್ಟಿಗೆ ಇಳಿಸತೊಡಗಿದಳು. ನಾಲ್ಕು ಕಿಲೋಮೀಟರ್, ಎರೆಯಲ್ಲಿ, ಹಿಂದಿನ ವರ್ಷದ ಹಾಗೆಯೇ.

ಅಷ್ಟರಲ್ಲಿ ದಾರಿಯ ಬಲಗಡೆಯ ಹೊಲದಲ್ಲಿ ಮುಳ್ಳುಬೇಲಿ ಸರಿಸುವ ಸದ್ದು ಕೇಳಿತು. ಆ ಹೊಲ ದಾರಿಗಿಂತ ಎರಡಡಿ ಎತ್ತರದಲ್ಲಿತ್ತು, ಎರೆಯಲ್ಲ, ಹರಳು ಬೆರೆತ ಕೆಂಪು ಮಸಾರಿ. ಮಳೆ ಬಿದ್ದರೂ ಕಾಲು ಹುಗಿಯದ ನೆಲ. ತುಂಬ ಶೇಂಗಾ ಬೆಳೆ, ಹಳದಿ ಹೂ ಬಿಟ್ಟು ಕಾಯಿ ಕಟ್ಟಲು ಶುರು ಮಾಡಿದ ಹೊತ್ತು. ಅರವತ್ತರ ಮೇಲಿನ, ಗಟ್ಟಿ ಮೈಕಟ್ಟಿನ ಹೆಂಗಸೊಬ್ಬರು ಬೇಲಿಯ ಮುಳ್ಳನ್ನು ಕವೆಗೋಲಿನಿಂದ ಎಳೆದು ಹಾಕುತ್ತಿದ್ದರು. ಗಂಗವ್ವ ಎಂದು ಹನಮಂತಪ್ಪ ನನಗೆ ಮೆಲ್ಲಗೆ ಹೇಳಿದರು.

"ಡಾಕ್ಟರ್ ಅಕ್ಕಾರ, ಇತ್ತ ಹೊಡ್ರಿ."

"ಬ್ಯಾಡ ಗಂಗವ್ವಾ. ಬೆಳಿ ಹಾಳಾಗತೈತಿ."

"ಆಗಲಿ. ನನ್ನ ಎಮ್ಮಿ ಹೋತು. ಯಲ್ಲಪ್ಪನ ಎಮ್ಮಿ ಇನ್ನೂ ಐತಿ. ಜಲ್ದಿ ಹತ್ರಿ."

ಶೈಲಾ ಪೆಟ್ಟಿಗೆಯನ್ನು ಮತ್ತೆ ಜೀಪಿಗೆ ಏರಿಸಿದಳು. ನಾಲ್ಕೂ ಗಾಲಿಗೆ ಬಲ ಕೊಟ್ಟು, ಅತಿ ತಗ್ಗಿನ ಗೇರಿನಲ್ಲಿ ಜೀಪನ್ನು ಒಡ್ಡಿನ ಮೇಲೆ ಹತ್ತಿಸಿದಳು. ಶಂಕ್ರಪ್ಪನವರ ಹಲ್ಲುಗಳು ಒಂದಿಷ್ಟೂ ತಡವರಿಸದೆ ಎಳೆದವು. ಒಡ್ಡಿನ ಮೇಲೆ ಜೀಪು ಒಂದು ಮಗ್ಗುಲಿಗೆ ವಾಲಿದಾಗ, ನಾಲ್ಕು ಇಂಚು ಎತ್ತಿಸಿದ್ದರೆ ಏನಾಗುತ್ತಿತ್ತು ಎಂದುಕೊಂಡು ಸೀಟಿನ ಕಂಬಿ ಹಿಡಿದೆ. ಹೊಲಕ್ಕೆ ಇಳಿದ ಮೇಲೆ ನಾನು ಕೆಳಗಿಳಿದು, ನನ್ನ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದು, ಹಿಂದೆ ನಡೆದೆ.

ಗಂಗವ್ವ ಜೀಪಿನ ಮುಂದೆ ಬರಿಗಾಲಿನಲ್ಲಿ, ಶೇಂಗಾದ ಎರಡು ಸಾಲುಗಳ ನಡುವೆ ನಡೆಯುತ್ತಿದ್ದರು. ಅವರ ಹೆಜ್ಜೆಯ ಮೇಲೆ ಶೈಲಾ ಎಡಗಾಲಿಯನ್ನು ಇಟ್ಟಳು. ಕೂರಿಗೆಯಲ್ಲಿ ಬಿತ್ತಿದ ಸಾಲುಗಳ ನಡುವೆ ಒಂದಡಿ ಜಾಗ. ಗಾಲಿಯ ಅಗಲ ಅದಕ್ಕಿಂತ ಕಡಿಮೆ. ಬಲಗಾಲಿಯೂ ಇನ್ನೊಂದು ಸಾಲಿನ ಸಂದಿಯಲ್ಲೇ ಬಿತ್ತು. ನಡುವಿನ ಗಿಡಗಳು ಇರುಸಿನ ಕೆಳಗೆ ತಲೆ ಬಗ್ಗಿಸಿ, ಜೀಪು ದಾಟಿದ ಮೇಲೆ ಮತ್ತೆ ಎದ್ದು ನಿಂತವು. ಗಾಲಿಯ ಅಂಚಿಗೆ ಸಿಕ್ಕಿ ಅಲ್ಲಲ್ಲಿ ಒಂದೊಂದು ಟೊಂಗೆ ಮುರಿದಿತ್ತು, ಇಲ್ಲವೆನ್ನುವುದಿಲ್ಲ. ನಮ್ಮ ಆ ಚೆಂದದ ಅಗಲ ಗಾಲಿಗಳಾಗಿದ್ದರೆ ನಾಲ್ಕು ಸಾಲು ಪೂರ್ತಿ ನೆಲಸಮವಾಗುತ್ತಿತ್ತು. ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಮೂವರು ಕೆಲಸಗಾರರಿಗೆ ಆ ಹೊಲದಲ್ಲೇ ಮನಸ್ಸಿನಲ್ಲಿ ಕೈ ಮುಗಿದೆ. ಈ ಹೊಲವನ್ನು ಅವರಲ್ಲಿ ಯಾರೂ ನೋಡಿದವರಲ್ಲ.

ಹೊಲದ ಆಚೆ ತುದಿಯಲ್ಲಿ ಹೂಳು ಹಾಕದ ಹಳೆಯ ದಾರಿ ಸಿಕ್ಕಿತು. ಜಾಡು ಆಳವಾಗಿತ್ತು, ನೀರು ನಿಂತಿತ್ತು. ನಾನು ಮತ್ತೆ ಹತ್ತಿ ಕೂತೆ. ಗಾಲಿಗಳು ಎರೆಯನ್ನು ಸೀಳಿ ಇಳಿದವು, ಇಳಿದು ಗಟ್ಟಿ ನೆಲಕ್ಕೆ ತಾಗಿದ್ದು ಕೂತಲ್ಲಿಗೇ ತಿಳಿಯಿತು. ಮಡ್‌ಗಾರ್ಡಿನೊಳಗೆ ಮಣ್ಣು ಸುತ್ತುತ್ತಿತ್ತು, ಉಂಡೆಯುಂಡೆಯಾಗಿ ಹಿಂದಕ್ಕೆ ಹಾರುತ್ತಿತ್ತು, ಎಲ್ಲಿಯೂ ನಿಲ್ಲಲಿಲ್ಲ. ದೊಡ್ಡಿ ಮುಟ್ಟಲು ಹದಿನೇಳು ನಿಮಿಷ ಹಿಡಿಯಿತು.

ಅಲ್ಲಿ ನಡೆದದ್ದನ್ನು ವಿವರವಾಗಿ ಬರೆಯಲು ನನಗೆ ಬಾರದು. ಶೈಲಾ ತೋಳಿನವರೆಗೆ ಸೋಪು ಹಚ್ಚಿಕೊಂಡು, ನೆಲದ ಮೇಲೆ ಮಲಗಿ, ಮಡಚಿಕೊಂಡಿದ್ದ ಕರುವಿನ ಇನ್ನೊಂದು ಕಾಲನ್ನು ಹುಡುಕಿ ಬಿಡಿಸಿದಳು. ಯಲ್ಲಪ್ಪ ಎಮ್ಮೆಯ ಕೊರಳು ತಬ್ಬಿಕೊಂಡು ಏನೋ ಹೇಳುತ್ತಲೇ ಇದ್ದ. ಮುಕ್ಕಾಲು ಗಂಟೆಯ ಮೇಲೆ ಕರು ಜಾರಿ ಬಂತು, ಹೆಣ್ಣುಗರು. ಮೊದಲು ಅಲುಗಾಡಲಿಲ್ಲ. ಶೈಲಾ ಅದರ ಮೂಗು ಒರೆಸಿ, ಹುಲ್ಲಿನಿಂದ ಎದೆ ತಿಕ್ಕಿದಳು. ಅದು ಸೀನಿತು. ಹಂದರದಡಿ ನಿಂತಿದ್ದ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು, ನಾನೂ ಒರೆಸಿಕೊಂಡೆ. ಎಮ್ಮೆ ಎದ್ದು ಕರುವನ್ನು ನೆಕ್ಕುವವರೆಗೆ ಶೈಲಾ ಕಾದಳು. ಆಮೇಲೆ ಕೈ ತೊಳೆಯುತ್ತ, ಗುರುವಾರ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಈ ಔಷಧ ಕೊಡಿ ಎಂದು ಯಲ್ಲಪ್ಪನಿಗೆ ಹೇಳಿದಳು. ಇಡೀ ದೊಡ್ಡಿ ಆ ಮಾತಿಗಾಗಿಯೇ ಕಾಯುತ್ತಿತ್ತು ಎಂದು ನನಗೆ ತಿಳಿದದ್ದು ಹನಮಂತಪ್ಪ ಕಟ್ಟೆಯ ಮೇಲೆ ಧೊಪ್ಪೆಂದು ಕೂತಾಗ. ಹೂಳನ್ನೆಲ್ಲ ನಾಳೆಯೇ ಎತ್ತಿ ಹಾಕುತ್ತೇವೆ, ಗರಸು ತಂದು ಸುರಿಯುತ್ತೇವೆ ಎಂದು ಅವರು ನೂರು ಸಲ ಹೇಳಿದರು. ಮಳೆಗಾಲದಲ್ಲಿ ಅದಾಗುವ ಕೆಲಸವಲ್ಲ ಎಂದು ಅವರಿಗೂ ಗೊತ್ತಿತ್ತು.

ಬಿಸಿ ಹಾಲು, ಮಾದಲಿ ಕೊಟ್ಟರು. ಮಧ್ಯಾಹ್ನ ಹನ್ನೆರಡಕ್ಕೆ ಹೊರಟೆವು. ಅದೇ ಹೊಲದ ಮೂಲಕ, ಅದೇ ಎರಡು ಸಾಲುಗಳ ಸಂದಿಯಲ್ಲಿ ಶೈಲಾ ನಿಧಾನವಾಗಿ ಓಡಿಸಿದಳು. ಗಂಗವ್ವ ಬೇಲಿಯ ಬಳಿ ಕಾಯುತ್ತಿದ್ದರು. ಮುರಿದ ಟೊಂಗೆಗಳನ್ನು ಆರಿಸಿ ಒಂದು ಸಣ್ಣ ಹೊರೆ ಕಟ್ಟಿ ಬದಿಗೆ ಇಟ್ಟಿದ್ದರು. ಯಲ್ಲಪ್ಪನ ಎಮ್ಮೆ ಹೆಣ್ಣುಗರು ಹಾಕಿತು ಎಂದು ಹೇಳಿದಾಗ ತಲೆ ಆಡಿಸಿದರು. ಜೀಪಿನ ಮುಂದೆ ಬಗ್ಗಿ, ಒಂದು ಗಾಲಿಯಿಂದ ಇನ್ನೊಂದು ಗಾಲಿಯವರೆಗೆ ಗೇಣು ಹಾಕಿ ಅಳೆದರು, ನಡುವೆ ಲೆಕ್ಕ ತಪ್ಪಿತು.

"ಇದು ಎಷ್ಟ ಅಂತರ ಐತ್ರಿ, ಗಾಲಿಯಿಂದ ಗಾಲಿಗಿ?"

"ಯಾಕ ಗಂಗವ್ವಾ?"

"ಬರೂ ವರ್ಸ ಬಿತ್ತುವಾಗ ಇಷ್ಟು ಜಾಗಾ ಬಿಟ್ಟು ಬಿತ್ತತೀನಿ. ನಡುವ ಬೆಳಿ ಇರ್ಲಿ, ಗಾಡಿ ಎತ್ತರ ಐತಿ. ಗಾಲಿ ಹಾಯೂ ಎರಡು ಸಾಲು ಬೀಳ ಬಿಡ್ತೀನಿ."

ಬೇಡ, ನಿನ್ನ ಹೊಲ ದಾರಿಯಾಗುವುದು ಬೇಡ, ಒಮ್ಮೆ ಬಿಟ್ಟರೆ ಊರೆಲ್ಲ ತುಳಿಯುತ್ತದೆ ಎಂದು ಶೈಲಾ ಏನೇನೋ ಹೇಳಿದಳು. ಗಂಗವ್ವ ಪೂರ್ತಿ ಕೇಳಿಸಿಕೊಂಡರು. ಕೈಗೆ ಹತ್ತಿದ ಕೆಸರನ್ನು ಸೀರೆಗೆ ಒರೆಸಿಕೊಂಡರು.

"ಬಿಡ್ಲೋ ಬ್ಯಾಡೋ ಅಂತ ನಾ ನಿಮ್ಮನ್ನ ಕೇಳಿಲ್ರಿ ಅಕ್ಕಾರ. ಅಳತಿ ಅಷ್ಟ ಕೇಳೇನಿ."

ಶೈಲಾ ಅಳತೆ ಹೇಳಿದಳು.